ಕ್ಲೆಮೆಂಟನ ಏಳನೆಯ ಹಂತ

ಲೊರೆಟ್ಟಾ ಹುಡಾಕ್ ಈ ಕೆಲಸಕ್ಕೆ ಸೇರಿದ ದಿನ ಕಚೇರಿಯವರು ಅವಳ ಕೈಗೆ ಎರಡು ಹಾಳೆ ಕೊಟ್ಟಿದ್ದರು. ಎರಡರ ತುಂಬ ಬರೀ ಅಕ್ಷರಗಳು. ಇವತ್ತಿನಿಂದ ನೀವು ಡಿ.ಎಸ್.ಪಿ. ಅಂದರು. ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವವರ ಮನೆಗೆ ಹೋಗಿ, ಜೊತೆಗಿದ್ದು, ನೆರವಾಗುವವಳು. ಆ ಮನುಷ್ಯ ಮುಂದಿನ ಒಂದು ವರ್ಷ ಹೇಗೆ ಬದುಕಬೇಕು ಎಂದು ನಾಲ್ಕು ಜನ ಮೇಜಿನ ಸುತ್ತ ಕೂತು ಬರೆಯುವ ಕಡತ ಐ.ಎಸ್.ಪಿ. ಬೇಕಾದಾಗ ಮಾತ್ರ ಕೊಡುವ ಮಾತ್ರೆ ಪಿ.ಆರ್.ಎನ್. ನೀವು ಬರೆದದ್ದು ಸರಿಯೋ ತಪ್ಪೋ ಎಂದು ಮೂಸಿ ನೋಡಲು ಬರುವವರು ಕ್ಯೂ.ಎ. ಬೆಳಿಗ್ಗೆ ಎದ್ದು ಹಲ್ಲುಜ್ಜಿ ಮುಖ ತೊಳೆಯುವುದಕ್ಕೂ ಅವರಲ್ಲಿ ಮೂರಕ್ಷರ ಇತ್ತು. ಕಚೇರಿಯವರಿಗೆ ಬಾಯಿತುಂಬ ಮಾತಾಡಲು ಅದೇನು ಕಷ್ಟವೋ ದೇವರೇ ಬಲ್ಲ.

ಲೊರೆಟ್ಟಾ ಆ ಎರಡು ಹಾಳೆಗಳನ್ನು ಫ್ರಿಜ್ಜಿನ ಬಾಗಿಲಿಗೆ, ಚರ್ಚಿನ ಕ್ಯಾಲೆಂಡರಿನ ಪಕ್ಕ ಅಂಟಿಸಿದಳು. ಹಾಲು ತೆಗೆಯುವಾಗೊಂದು, ಬೆಣ್ಣೆ ತೆಗೆಯುವಾಗೊಂದು ಅಂತ ಬಾಯಿಪಾಠ ಮಾಡಿದಳು. ಅವಳ ಗಂಡ ಗಸ್, ಸೊಂಟ ಹಿಡಿದುಕೊಂಡು ಮನೆಯಲ್ಲೇ ಇರುವವನು, ನಗುತ್ತಿದ್ದ: "ನಮ್ಮಜ್ಜಿ ಸ್ಲೋವಾಕ್ ಭಾಷೇಲಿ ಬೈದ್ರೂ ಇದಕ್ಕಿಂತ ಚೆನ್ನಾಗಿ ಅರ್ಥ ಆಗ್ತಿತ್ತು ಕಣೇ." ಲೊರೆಟ್ಟಾಳಿಗೆ ಅಂಥ ಮಾತಿಗೆ ಉತ್ತರ ಕೊಡಲೂ ಪುರುಸೊತ್ತಿರಲಿಲ್ಲ. ನದಿದಂಡೆಯ ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಿಂತುಕೊಂಡೇ ಬಾಟಲಿ ಪರೀಕ್ಷೆ ಮಾಡಿದ ಹೆಂಗಸು. ಕುಲುಮೆ ಆರಿ ಕಾರ್ಖಾನೆ ಮುಚ್ಚಿತು, ಆದರೆ ಅವಳ ಕಾಲು ಮಾತ್ರ ಕೂರುವುದನ್ನು ಕಲಿಯಲಿಲ್ಲ.

ಎಂಟು ವರ್ಷ ಬೇರೆಯವರ ಮನೆಗಳಲ್ಲಿ ದುಡಿದ ಮೇಲೆ ಅವಳ ಪಾಲಿಗೆ ಬಂದವನು ಕ್ಲೆಮೆಂಟ್ ಯುರಿಕ್, ಕರೆಯುವುದು ಕ್ಲೆಮ್ ಅಂತ. ಅರವತ್ತೊಂದು ವರ್ಷ, ಕುಳ್ಳು ಮೈ, ದಪ್ಪ ಕನ್ನಡಕ. ಆರನೇ ವಯಸ್ಸಿನಿಂದ ಸರ್ಕಾರದ ದೊಡ್ಡ ಆಸ್ಪತ್ರೆಯೊಂದರಲ್ಲಿ, ಒಂದು ಹಜಾರಕ್ಕೆ ನಲವತ್ತು ಮಂಚ ಹಾಕಿದ್ದ ಕಡೆ ಬೆಳೆದವನು. ಅದು ಮುಚ್ಚಿದ ಮೇಲೆ ಆ ಮನೆ ಈ ಮನೆ ಅಂತ ತಿರುಗಿ, ಐವತ್ತು ದಾಟಿದ ಮೇಲೆ ಬ್ರೇಡಿ ಲ್ಯಾಂಡಿಂಗ್ ಎಂಬ ಈ ಊರಿನಲ್ಲಿ, ಹಳೆಯ ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ ತನ್ನದು ಅಂತ ಪಡೆದವನು. ಬೆಳಿಗ್ಗೆ ಬಸ್ಸು ಹತ್ತಿ, ಭಾರದ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಜಾಗಕ್ಕೆ ಹೋಗಿ, ಬಾಡಿಗೆ ಬೂಟುಗಳಿಗೆ ಔಷಧಿ ಹೊಡೆದು ಒರೆಸಿಡುವುದು ಅವನ ಕೆಲಸ. ವಾರಕ್ಕೆ ನಾಲ್ಕು ಸಂಜೆ, ನಾಲ್ಕರಿಂದ ಎಂಟರವರೆಗೆ, ಲೊರೆಟ್ಟಾ ಅವನ ಮನೆಯಲ್ಲಿ. ಆರು ವರ್ಷದಿಂದ ಹೀಗೇ.

ಈ ಆರು ವರ್ಷವೂ ಕಡತದಲ್ಲಿ ಅವನ ಗುರಿ ಒಂದೇ: ತನ್ನ ರಾತ್ರಿ ಊಟ ತಾನೇ ಮಾಡಿಕೊಳ್ಳುವುದು. ಮೊಟ್ಟೆ ಹುರಿದು, ತೆಳ್ಳಗೆ ಹೆಚ್ಚಿದ ಹಂದಿಮಾಂಸದ ಹ್ಯಾಮ್ ಹಾಕಿ, ಬ್ರೆಡ್ಡಿನ ಮೇಲೆ ಇಟ್ಟುಕೊಂಡರೆ ಮುಗಿಯಿತು. ಕಚೇರಿಯವರು ಅದನ್ನು ಏಳು ಹಂತಕ್ಕೆ ಸೀಳಿದ್ದರು. ಕೈ ತೊಳೆಯುವುದು ಒಂದು, ಬಾಣಲೆ ಇಡುವುದು ಎರಡು, ಹೀಗೆ. ಏಳನೆಯದು ವಿದ್ಯುತ್ ಒಲೆ ಆರಿಸುವುದು. ಪ್ರತಿ ಹಂತದ ಎದುರಿಗೂ ಒಂದು ಚೌಕ. ಕೈಹಿಡಿದು ಮಾಡಿಸಿದರೆ ಚೌಕದಲ್ಲಿ ಇಂಗ್ಲಿಷಿನ ಪಿ ಅಂತ ಬರೆಯಬೇಕು. ಸನ್ನೆ ಮಾಡಿದರೆ ಜಿ. ಬಾಯಲ್ಲಿ ಹೇಳಿದರೆ ವಿ, ಓರೆಯಾಗಿ ಕೂಡುವ ಜೋಡಿ ಗೆರೆ. ಯಾರೂ ಏನೂ ಹೇಳದೆ ತಾನೇ ಮಾಡಿದರೆ ಐ, ನೆಟ್ಟನೆಯ ಒಂಟಿ ಗೆರೆ. ಮೊದಲ ಆರು ಹಂತಕ್ಕೆ ಕ್ಲೆಮ್ ಎಂದೋ ಐ ಗಳಿಸಿಬಿಟ್ಟಿದ್ದ. ಏಳನೆಯದಕ್ಕೆ ಮಾತ್ರ ಆರು ವರ್ಷದಿಂದ ವಿ. ಊಟ ತಟ್ಟೆಗೆ ಬಂದ ಮೇಲೆ ಒಲೆಯ ಮುಂದೆ ಕೈಕಟ್ಟಿ ನಿಂತು ಅವಳ ಮುಖ ನೋಡುತ್ತಿದ್ದ. "ಕ್ಲೆಮ್, ಒಲೆ," ಎನ್ನುತ್ತಿದ್ದಳು ಅವಳು. ಆರಿಸುತ್ತಿದ್ದ. ಅವಳು ವಿ ಬರೆಯುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಗಳಿಗೆ ಇಷ್ಟವೇ ಆಗಿತ್ತು. ಐವತ್ತೇಳು ವರ್ಷದ ಬಾಳಿನಲ್ಲಿ ಅವಳ ಒಂದು ಮಾತಿಗೆ ಅಷ್ಟು ಮರ್ಯಾದೆ ಕೊಟ್ಟು ಕಾದವರು ಬೇರೆ ಯಾರಿದ್ದರು.

ಮಾರ್ಚ್ ತಿಂಗಳ ಒಂದು ಶುಕ್ರವಾರ ಕಚೇರಿಯ ಸಂಯೋಜಕಿ ಶನೆಲ್ ಬಾಯ್ಡ್ ಫೋನ್ ಮಾಡಿದಳು. ಇಪ್ಪತ್ತಾರರ ಹುಡುಗಿ, ತಲೆಯ ಮೇಲೆ ಎಂಬತ್ತು ಜನರ ಕಡತ, ಮನಸ್ಸು ಒಳ್ಳೆಯದು. ಹೊಸ ನಿಯಮ ಬಂದಿದೆ ಅಂದಳು. ಎರಡು ವರ್ಷ ಮುಂದೆ ಹೋಗದ ಗುರಿಯನ್ನು ಇನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅದರಲ್ಲೂ ಒಲೆ ಆರಿಸಲು ಬಾರದವರು ಒಬ್ಬರೇ ಇರುವುದು ಅಪಾಯ ಅಂತ ಮೇಲಿನವರ ಅಭಿಪ್ರಾಯ. ಕ್ಲೆಮ್‌ನನ್ನು ಕಳಿಸಬೇಕೆಂದಿರುವುದು ನಲವತ್ತು ಮೈಲಿ ಆಚೆಯ ಊರಿನಲ್ಲಿ ನಾಲ್ಕು ಜನ ಇರುವ ಮನೆಗೆ; ಅಲ್ಲಿ ಹಗಲೂ ರಾತ್ರಿ ಕಾವಲು. ಗುರುವಾರ ಹತ್ತು ಗಂಟೆಗೆ ಕ್ಲೆಮ್‌ನ ಮನೆಯಲ್ಲೇ ಸಭೆ.

"ಅಲ್ಲೊಂದು ಬೆಡ್ ಖಾಲಿ ಇದೆ, ಮಿಸ್ ಲೊರೆಟ್ಟಾ," ಅಂದಳು ಶನೆಲ್.

ಬೆಡ್ ಖಾಲಿ ಇದೆ. ಮನೆ ಖಾಲಿ ಇದೆ ಅನ್ನಲಿಲ್ಲ, ಕೋಣೆ ಖಾಲಿ ಇದೆ ಅನ್ನಲಿಲ್ಲ. ನಲವತ್ತು ಮಂಚದ ಹಜಾರದಿಂದ ಬಂದವನಿಗೆ ಮತ್ತೊಂದು ಮಂಚ. ಶನಿವಾರ ಇಡೀ ಅವಳು ಮನೆ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು, ಕಪಾಟಿನ ತಟ್ಟೆಗಳನ್ನೆಲ್ಲ ಕೆಳಗಿಳಿಸಿ ತೊಳೆದಳು. ಕೊನೆಗೆ ಗಸ್, ನನ್ನನ್ನೂ ಒರೆಸಿ ಮೇಲಿಡಬೇಡ ಅಂತ ಕುರ್ಚಿ ಎಳೆದುಕೊಂಡು ಅಂಗಳಕ್ಕೆ ಹೋದ.

ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಎಲೆಕೋಸು ಹುರಿದು ಬೆಣ್ಣೆಯಲ್ಲಿ ನೂಡಲ್ಸ್ ಜೊತೆ ಕಲಸಿದ್ದು ಬೇಕಾದಷ್ಟು ಉಳಿದಿತ್ತು. ಲೊರೆಟ್ಟಾ ಒಂದು ಡಬ್ಬಿ ತುಂಬಿಕೊಂಡು ಮಧ್ಯಾಹ್ನ ಕ್ಲೆಮ್‌ನ ಮನೆಯ ಮೆಟ್ಟಿಲು ಹತ್ತಿದಳು. ಅವತ್ತು ಅವಳ ಪಾಳಿ ಅಲ್ಲ. ಪಾಳಿ ಇಲ್ಲದ ದಿನ ಹೋಗುವುದು ನಿಯಮಕ್ಕೆ ವಿರುದ್ಧ ಅಂತಲೂ ಗೊತ್ತಿತ್ತು. ಆದರೆ ಮನೆಯಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

ಬಾಗಿಲು ಅರ್ಧ ತೆರೆದಿತ್ತು. ಕ್ಲೆಮ್ ಬೆನ್ನು ಮಾಡಿ ನಿಂತಿದ್ದ. ಮೊಟ್ಟೆ ತಟ್ಟೆಗೆ ಜಾರಿಸಿದ, ಬಾಣಲೆಯನ್ನು ಸಿಂಕಿನಲ್ಲಿ ಇಟ್ಟ, ಕೈ ಚಾಚಿ ಒಲೆಯ ಗುಂಡಿ ತಿರುಗಿಸಿ ಆರಿಸಿದ. ಹಿಂದೆ ಮುಂದೆ ನೋಡಲಿಲ್ಲ, ಯೋಚನೆ ಮಾಡಲಿಲ್ಲ. ಊರಿನಲ್ಲಿ ಎಲ್ಲರೂ ಆರಿಸುವ ಹಾಗೆ ಆರಿಸಿದ. ಆಮೇಲೆ ತಟ್ಟೆ ಹಿಡಿದು ತಿರುಗಿದವನು ಅವಳನ್ನು ಕಂಡ.

ಅವನ ಮುಖ ಬಿಳುಚಿಕೊಂಡಿತು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಸರಸರನೆ ಒಲೆಯ ಹತ್ತಿರ ಹೋಗಿ, ಗುಂಡಿಯನ್ನು ಮತ್ತೆ ಉರಿಗೆ ತಿರುಗಿಸಿದ. ಮೇಲೆ ಏನೂ ಇಲ್ಲದ ಒಲೆ. ಅದರ ಮುಂದೆ ಕೈಕಟ್ಟಿ ನಿಂತು ಅವಳ ಮುಖ ನೋಡಿದ.

ಬರಿ ಒಲೆ ಕೆಂಪಗೆ ಕಾಯತೊಡಗಿತು. ಅವನು ಕಾಯುತ್ತಲೇ ಇದ್ದ. ಕೊನೆಗೆ ಅವಳು, "ಕ್ಲೆಮ್, ಒಲೆ," ಅಂದಳು. ಅವನು ಆರಿಸಿದ. ಅವಳು ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡಬೇಕೆಂದೇ ತೋಚದೆ ಕುರ್ಚಿಯ ಮೇಲಿಟ್ಟು ತಾನು ನಿಂತೇ ಇದ್ದಳು.

"ಎಷ್ಟು ದಿನದಿಂದ ಬರುತ್ತೆ ನಿಂಗೆ ಇದು?"

ಕ್ಲೆಮ್ ಮೊಟ್ಟೆಯನ್ನೇ ನೋಡಿದ. ಮೊದಲಿಂದ ಬರುತ್ತೆ ಅಂದ. ಮತ್ತೆ ಯಾಕಪ್ಪ ಹೀಗೆ ಅಂತ ಅವಳು ಕೇಳಿದ್ದಕ್ಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ರೇ ವಿಷಯ ಎತ್ತಿದ.

ರೇ ಅಂದರೆ ಲೊರೆಟ್ಟಾಳಿಗಿಂತ ಮೊದಲು ಅವನ ಜೊತೆಗಿದ್ದವನು. ಕ್ಲೆಮ್‌ಗೆ ಬಸ್ಸು ಹತ್ತುವುದನ್ನು ಕಲಿಸಿದವನು. ಆಗಿನ ಹಾಳೆಯಲ್ಲಿ ಬಸ್ಸಿನದೇ ಹಂತಗಳು, ಅದೇ ಅಕ್ಷರಗಳು. ಕ್ಲೆಮ್‌ಗೆ ಓದು ಬಾರದು, ಆದರೆ ದಿನವೂ ಎದುರಿಗೆ ಕೂತು ತಲೆಕೆಳಗಾಗಿ ನೋಡಿದ ಗೆರೆಗಳನ್ನು ಮರೆಯುವಷ್ಟು ದಡ್ಡನಲ್ಲ. ಬೆರಳಿನಿಂದ ಮೇಜಿನ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದು ತೋರಿಸಿದ.

"ಇದು ಬಂತು. ಇದು ಬಂತು, ಇದು ಬಂತು, ಎಲ್ಲಾ ಕಡೆ ಇದೇ ಬಂತು. ಕೇಕ್ ಕೊಟ್ರು. ಆಮೇಲೆ ರೇ ಬರ್ಲಿಲ್ಲ. ನನ್ ಮೇಲೆ ಸಿಟ್ಟು ಅವ್ನಿಗೆ."

ಲೊರೆಟ್ಟಾ ಮೆಟ್ಟಿಲಿಳಿದು ನದಿಯ ಪಕ್ಕ ನಡೆದಳು, ಹಳೆಯ ಕಾರ್ಖಾನೆಯ ಗೇಟಿನವರೆಗೆ ಹೋದಳು, ಅಲ್ಲಿಂದ ವಾಪಸು ಬಂದಳು, ಮತ್ತೆ ಹೋದಳು. ಸಿಟ್ಟು ಉಕ್ಕಿ ಬರುತ್ತಿತ್ತು, ಆದರೆ ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ. ಆರು ವರ್ಷ ಒಬ್ಬ ಮನುಷ್ಯ, ಗೊತ್ತಿರುವ ಕೆಲಸ ಗೊತ್ತಿಲ್ಲ ಅಂತ ನಟಿಸಿ, ದಿನಾ ಸಂಜೆ ಒಲೆಯ ಮುಂದೆ ದಡ್ಡನ ಹಾಗೆ ನಿಂತಿದ್ದಾನೆ. ಇವಳಿಗಾಗಿ ನಿಂತಿದ್ದಾನೆ. ಇವಳು ಅದನ್ನು ಅವನ ಕೊರತೆ ಅಂತ ತಿಂಗಳು ತಿಂಗಳು ಬರೆದು ಕಳಿಸಿದ್ದಾಳೆ. ಅವನ ಕಡತದ ಮೂರನೆಯ ಪುಟದಲ್ಲಿ, ಮುಂದಾಲೋಚನೆ ಮಾಡುವ ಶಕ್ತಿ ಇಲ್ಲ ಅಂತ ಯಾರೋ ಪಂಡಿತರು ಬರೆದು ಸಹಿ ಹಾಕಿದ್ದರು. ಅದು ನೆನಪಾಗಿ ಲೊರೆಟ್ಟಾ ರಸ್ತೆಯಲ್ಲೇ ನಕ್ಕಳು. ನಗು ಮುಗಿಯುವ ಮೊದಲೇ ಅಳು ಬಂತು.

ಸೋಮವಾರ ಶನೆಲ್‌ಗೆ ಫೋನ್ ಮಾಡಿದಳು. ಕ್ಲೆಮ್ ಅಂತ ಹೇಳದೆ, ಹೀಗೇ ಸುಮ್ಮನೆ ಅನ್ನುವ ಹಾಗೆ ಕೇಳಿದಳು: ಯಾರಿಗಾದರೂ ಏಳೂ ಹಂತಕ್ಕೆ ಐ ಬಂದರೆ ಏನಾಗುತ್ತದೆ? ಶನೆಲ್ ಅಷ್ಟು ಪೆದ್ದಿಯಲ್ಲ, ಆದರೂ ಸುಮ್ಮನೆ ಅನ್ನುವ ಹಾಗೆಯೇ ಉತ್ತರ ಕೊಟ್ಟಳು. ಗುರಿ ಮುಟ್ಟಿದೆ ಅಂತಾಗುತ್ತದೆ, ಮನೆ ಅವರದೇ ಉಳಿಯುತ್ತದೆ, ಸಂಜೆಯ ಗಂಟೆಗಳು ಹೋಗುತ್ತವೆ, ತಿಂಗಳಿಗೊಮ್ಮೆ ಯಾರಾದರೂ ಬಂದು ನೋಡಿ ಹೋಗುತ್ತಾರೆ. ಗಂಟೆ ಹೋದರೆ ಹೋಗಲಿ, ನೆರೆಹೊರೆಯವರ ಹಾಗೆ ಹೋಗಿ ಬರಬಹುದಲ್ಲ ಅಂದಳು ಲೊರೆಟ್ಟಾ. ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

"ನೀವು ಸೇರುವಾಗ ಸಹಿ ಹಾಕಿದೀರ, ಮಿಸ್ ಲೊರೆಟ್ಟಾ. ಕೆಲಸ ಮುಗಿದ ಮೇಲೆ ಒಂದು ವರ್ಷ ಹೋಗೋ ಹಾಗಿಲ್ಲ, ಫೋನೂ ಮಾಡೋ ಹಾಗಿಲ್ಲ. ಅವರು ನಿಮ್ಮನ್ನೇ ನೆಚ್ಚಿಕೊಂಡುಬಿಡ್ತಾರೆ ಅಂತ."

ಆ ಮಾತು ಕೇಳಿ ಲೊರೆಟ್ಟಾಳಿಗೆ ತಟ್ಟನೆ ರೇ ನೆನಪಾದ. ಗಸ್ ಒಂದು ಕಾಲದಲ್ಲಿ ಬುಧವಾರದ ಬೌಲಿಂಗ್ ತಂಡದಲ್ಲಿ ಅವನ ಜೊತೆ ಆಡುತ್ತಿದ್ದ. ಯಾರ್ಯಾರನ್ನೋ ವಿಚಾರಿಸಿ ಮಂಗಳವಾರ ಬೆಳಿಗ್ಗೆ ನಂಬರು ಹುಡುಕಿ ಕೊಟ್ಟ. ರೇ ಈಗ ಉತ್ತರಕ್ಕೆ, ಈರಿ ಪಟ್ಟಣದಲ್ಲಿ ಶಾಲಾ ಬಸ್ಸು ಓಡಿಸುತ್ತಾನಂತೆ.

ಲೊರೆಟ್ಟಾ ಫೋನ್ ಮಾಡಿ ಕ್ಲೆಮ್ ಹೆಸರು ಹೇಳಿದಳು.

"ಸಹಿ ಹಾಕಿಸ್ಕೊಂಡಿದ್ರಮ್ಮ," ಅಂದ ರೇ. "ಶನಿವಾರ ಶನಿವಾರ ಆ ಚಪ್ಪಲಿ ಅಂಗಡಿ ಎದುರು ಕಾರು ನಿಲ್ಲಿಸ್ಕೊಂಡು ಕೂತಿರ್ತಿದ್ದೆ. ಕಿಟಕೀಲಿ ಕಾಣ್ತಿದ್ದ. ಎರಡು ತಿಂಗಳು ಹಾಗೆ ಮಾಡಿದೆ. ಆಮೇಲೆ ನಂಗೇ ನಾಚಿಕೆ ಆಯ್ತು. ವರ್ಷ ಆದ್ಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲಿ. ನನ್ನ ಮೇಲೆ ಸಿಟ್ಟಿರಬೇಕು ಅವ್ನಿಗೆ."

ಅವನಿಗೂ ಹಾಗೇ ಅನಿಸಿದೆ ಅಂತ ಲೊರೆಟ್ಟಾ ಹೇಳಿದಳು, ನಿನಗೆ ಅವನ ಮೇಲೆ ಸಿಟ್ಟು ಅಂತ. ಇಬ್ಬರು ಗಂಡಸರು ಆರೇಳು ವರ್ಷ ಇಲ್ಲದ ಸಿಟ್ಟಿಗೆ ಹೆದರಿ ಕೂತಿದ್ದರು. ಅಕ್ಷರಗಳನ್ನು ಎರಡು ಹಾಳೆ ತುಂಬ ಬರೆದುಕೊಟ್ಟ ಕಚೇರಿ, ಒಬ್ಬ ಮನುಷ್ಯ ಯಾಕೆ ಬರುವುದಿಲ್ಲ ಅನ್ನುವ ಒಂದು ಮಾತನ್ನು ಕ್ಲೆಮ್‌ಗೆ ಹೇಳಿರಲಿಲ್ಲ.

ಅವತ್ತು ಸಂಜೆ ಪಾಳಿಯಲ್ಲಿ ಅವಳಿಗೆ ಏನೂ ಹೇಳಲಾಗಲಿಲ್ಲ. ಕ್ಲೆಮ್ ಎಂದಿನಂತೆ ಒಲೆಯ ಮುಂದೆ ನಿಂತ, ಅವಳು ಎಂದಿನಂತೆ ಹೇಳಿದಳು, ಅವನು ಆರಿಸಿದ. ಏಳನೆಯ ಚೌಕವನ್ನು ಮಾತ್ರ ಖಾಲಿ ಬಿಟ್ಟಳು. ಮನೆಗೆ ಬಂದು ಹಾಳೆಯನ್ನು ಮೇಜಿನ ಮೇಲಿಟ್ಟು ಸುತ್ತ ಸುತ್ತ ತಿರುಗಿದಳು. ವಿ ಬರೆದರೆ ಅವನು ನಲವತ್ತು ಮೈಲಿ ಆಚೆಯ ಮಂಚಕ್ಕೆ. ಐ ಬರೆದರೆ ಅವನ ಮನೆ ಉಳಿಯುತ್ತದೆ, ಇವಳು ಇರುವುದಿಲ್ಲ. ಇವಳ ಕೆಲಸ ಹೇಗೂ ಹೋಯಿತು, ಅದರ ಚಿಂತೆ ಆಮೇಲೆ ಮಾಡಿದರಾಯಿತು. ನಿಜ ಬರೆಯಬೇಕು ಅಂತ ಗೊತ್ತು. ಆದರೆ ಆ ನಿಜವನ್ನು ಅವನು ಆರು ವರ್ಷ ಬಚ್ಚಿಟ್ಟುಕೊಂಡು ಕಾಪಾಡಿದ್ದ. ಅವನನ್ನು ಕೇಳದೆ ಅದನ್ನು ತೆಗೆದು ಮೇಜಿನ ಮೇಲಿಡುವುದಕ್ಕೆ ತಾನು ಯಾರು?

ಗಸ್ ಹಾಳೆಯನ್ನು ನೋಡಿದ, ಅವಳ ಕಾಲನ್ನು ನೋಡಿದ.

"ಒಂದ್ ಗೆರೆ ಎಳೆಯೋಕೆ ನೆಲ ಸವೆಸ್ತಾ ಇದೀಯಲ್ಲೇ. ಆ ಮನುಷ್ಯನ್ನೇ ಕೇಳು, ಹೋಗು."

ಬುಧವಾರ ಕೇಳಿದಳು. ಅಡುಗೆಗೆ ಮೊದಲೇ, ಅವನನ್ನು ಕೂರಿಸಿಕೊಂಡು, ತಾನೂ ಎದುರಿಗೆ ಕಷ್ಟಪಟ್ಟು ಕೂತು. ಮೊದಲು ರೇ ವಿಷಯ ಹೇಳಿದಳು. ರೇಗೆ ಸಿಟ್ಟಿರಲಿಲ್ಲ, ನೀನು ಬಸ್ಸು ಚೆನ್ನಾಗಿ ಹತ್ತಿದೆ ಅಂತ ಅವನಿಗೆ ಬಹಳ ಖುಷಿಯಾಗಿತ್ತು, ಕಚೇರಿಯವರು ಬರಬೇಡ ಅಂದರು, ಅವನು ಕಾರಿನಲ್ಲಿ ಕೂತು ನಿನ್ನ ಕಿಟಕಿ ನೋಡುತ್ತಿದ್ದ. ಕ್ಲೆಮ್ ಎದ್ದು ಕಿಟಕಿಯ ಹತ್ತಿರ ಹೋಗಿ ಕೆಳಗಿನ ರಸ್ತೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಯಾವ ಬಣ್ಣದ ಕಾರು ಅಂತ ಕೇಳಿದ. ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ನಾಳೆಯ ಸಭೆಯ ವಿಷಯ. ಅವಳು ಒಂದೂ ಅಕ್ಷರ ಬಳಸಲಿಲ್ಲ, ಒಂದೊಂದನ್ನೂ ಬಿಡಿಸಿ ಪೂರ್ತಿ ಮಾತಿನಲ್ಲಿ ಹೇಳಿದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಜೋಡಿ ಗೆರೆ ಬರೆದರೆ ದೂರದ ಮನೆ, ಬೇರೆ ಮೂವರ ಜೊತೆ. ಒಂಟಿ ಗೆರೆ ಬರೆದರೆ ಈ ಮನೆ, ಆದರೆ ನಾನು ಒಂದು ವರ್ಷ ಬರುವ ಹಾಗಿಲ್ಲ. ಸಿಟ್ಟಿನಿಂದಲ್ಲ. ಬರಬೇಡ ಅಂತಾರೆ, ಅದಕ್ಕೆ. ವರ್ಷ ಮುಗಿದ ಮಾರನೆಯ ದಿನ ಬರುತ್ತೇನೆ.

"ವರ್ಷ ಅಂದ್ರೆ ಎಷ್ಟು?"

"ಈಗ ಟಿವೀಲಿ ಐಸ್ ಹಾಕಿ ಪಂದ್ಯ ಬರ್ತಿದೆಯಲ್ಲ, ಅದು ಮುಗಿಯುತ್ತೆ. ಬೇಸಿಗೆ ಬರುತ್ತೆ. ಆಮೇಲೆ ಮತ್ತೆ ಹಾಕಿ ಶುರುವಾಗಿ, ಹಿಮ ಬಿದ್ದು, ಕರಗುತ್ತೆ. ಆಗ."

ಕ್ಲೆಮ್ ಟಿವಿ ಹಾಕಿ ಕೂತ. ಆ ಸಂಜೆ ಅವನು ಅಡುಗೆಯನ್ನೇ ಮಾಡಲಿಲ್ಲ, ಬಟ್ಟಲಿಗೆ ಕಾರ್ನ್‌ಫ್ಲೇಕ್ಸ್ ಸುರಿದು ಹಾಲು ಹಾಕಿಕೊಂಡು ತಿಂದ. ಲೊರೆಟ್ಟಾ ಏಳು ಚೌಕವನ್ನೂ ಖಾಲಿ ಬಿಟ್ಟು ಎದ್ದಳು.

ಗುರುವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಶನೆಲ್ ಬಂದಳು, ಕೈಯಲ್ಲಿ ಲ್ಯಾಪ್‌ಟಾಪು, ಕಂಕುಳಲ್ಲಿ ಕಡತ. ಕ್ಲೆಮ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ನಿಯಮದ ಪ್ರಕಾರ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಶನೆಲ್ ಕೇಳಿದಳು: ನಿಮಗೆ ಯಾವುದು ಮುಖ್ಯ? ಅವನು ಉತ್ತರ ಕೊಡದೆ ಎದ್ದು ಕೈ ತೊಳೆದ. ಬಾಣಲೆ ಇಟ್ಟ.

"ಈಗ ಅಡುಗೆ ಯಾಕೆ ಕ್ಲೆಮೆಂಟ್, ಮೊದಲು ಇದನ್ನ ಮುಗಿಸೋಣ," ಅಂದಳು ಶನೆಲ್. ಅವನು ತಲೆ ಅಲ್ಲಾಡಿಸಿದ. ಮೂರು ಜನಕ್ಕೆ ಮೂರು ಮೊಟ್ಟೆ ಒಡೆದ. ಹ್ಯಾಮ್ ಹಾಕಿದ. ಶನೆಲ್‌ಗೆ ಏನನಿಸಿತೋ, ಲ್ಯಾಪ್‌ಟಾಪು ಮುಚ್ಚಿ ಸುಮ್ಮನೆ ನೋಡತೊಡಗಿದಳು. ಲೊರೆಟ್ಟಾಳ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಅದನ್ನು ತಡೆಯಲು ಮೊಣಕಾಲಿನ ಮೇಲೆ ಎರಡೂ ಕೈ ಒತ್ತಿ ಹಿಡಿದಳು.

ಮೊಟ್ಟೆ ಮೂರು ತಟ್ಟೆಗೆ ಬಂತು. ಕ್ಲೆಮ್ ಒಲೆಯ ಮುಂದೆ ನಿಂತ. ಆರು ವರ್ಷದ ಅಭ್ಯಾಸ, ಲೊರೆಟ್ಟಾಳ ತುಟಿ ತಾನಾಗಿಯೇ ಬಿಚ್ಚಿಕೊಂಡಿತು. ಹಲ್ಲು ಕಚ್ಚಿ ಮುಚ್ಚಿದಳು. ಅವನು ಅವಳ ಕಡೆ ನೋಡಲಿಲ್ಲ. ಕೈ ಚಾಚಿ ಒಲೆ ಆರಿಸಿದ. ಆಮೇಲೆ ಶನೆಲ್ ಕಡೆ ತಿರುಗಿ, ಲೊರೆಟ್ಟಾಗೆ ಗೊತ್ತಿರಲಿಲ್ಲ, ನಾನೇ ಆಟ ಆಡಿದೆ, ಅವಳನ್ನು ಬೈಯಬೇಡಿ ಅಂದ. ನನಗೆ ಆ ಬೆಡ್ ಬೇಡ, ಈ ಮನೆ ಬೇಕು ಅಂದ.

ಶನೆಲ್ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಸರಿ, ಹಾಗೇ ಆಗಲಿ, ಹಾಳೆ ಪೂರ್ತಿ ಮಾಡಿಕೊಡಿ ಮಿಸ್ ಲೊರೆಟ್ಟಾ, ಅಷ್ಟೇ ಸಾಕು ಅಂದಳು.

ಹಾಳೆ ಮೇಜಿನ ಮೇಲಿತ್ತು. ಲೊರೆಟ್ಟಾ ಪೆನ್ನು ತೆಗೆದಳು. ಆರು ಚೌಕ ತುಂಬಿ ಏಳನೆಯದರ ಹತ್ತಿರ ಬಂದಾಗ ಅವಳ ಕೈ ನಿಂತಿತು. ಒಂದೇ ಒಂದು ಗೆರೆ. ಅದನ್ನು ಎಳೆದರೆ ಸೋಮವಾರ ನಾಲ್ಕು ಗಂಟೆಗೆ ಅವಳು ಹೋಗಬೇಕಾದ ಜಾಗ ಇರುವುದಿಲ್ಲ. ಕ್ಲೆಮ್ ತಟ್ಟೆಗಳನ್ನು ಇಟ್ಟು, ಅವಳ ಎದುರಿಗೆ ಕೂತು, ಚೌಕದ ಮೇಲೆ ಬೆರಳಿಟ್ಟು ತೋರಿಸಿದ. ಅವಳ ಕೈ ಅಲುಗಲಿಲ್ಲ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಸಿಡುಕಿಲ್ಲದೆ, ಅವಸರವಿಲ್ಲದೆ, "ಲೊರೆಟ್ಟಾ, ಬರಿ," ಅಂದ.

ಅವಳು ಬರೆದಳು.